ಡಾಕ್ಟರ್ ಹೆಲೆನ್ ಟೌಸಿಗ್: ಎಳೆಯ ಹೃದಯಗಳ ವೈದ್ಯೆ

ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪಾಲಕರಿಗೂ ಈ ಸ್ಮರಣ ಸಂಚಿಕೆಯ ಮೂಲಕ ಒಬ್ಬ ಮಹಾ ವೈದ್ಯೆಯ ಜೀವನವೃತ್ತಾಂತವನ್ನು ತಿಳಿಸಬೇಕೆಂದು ನಾವು ಬಹುದಿನಗಳಿಂದ ಆಶಿಸಿದ್ದೆವು. ಅವರು ನಮ್ಮ ದೇಶದವರಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಿಗೂ ಅವರಿಗೂ ಸಾವಿರಾರು ಮೈಲುಗಳ ಅಂತರ. ಆದರೂ ಅವರ ಚರಿತ್ರೆಯನ್ನು ಓದಿದಂದಿನಿಂದ ನಾವು ಮಾಡಿದ ಹಳೆಯ ತಪ್ಪೊಂದು ನಮ್ಮನ್ನು ಸುಮ್ಮನಿರಗೊಡದು. ಅದನ್ನು ಕಡೆಯಲ್ಲಿ ಹೇಳುವೆವು. ಮೊದಲು ಅವರ ಜೀವನವನ್ನು ನೋಡೋಣ.

ಹೆಲೆನ್ ಬ್ರೂಕ್ ಟೌಸಿಗ್ ಇವರು 1898ನೆಯ ಇಸವಿಯ ಮೇ 24ರಂದು ಅಮೇರಿಕೆಯ ಮ್ಯಾಸಚೂಸೆಟ್ಸ್ ಸಂಸ್ಥಾನದ ಕೇಂಬ್ರಿಜ್ ಪಟ್ಟಣದಲ್ಲಿ ಜನಿಸಿದರು. ತಂದೆಯವರು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರು. ತಾಯಿಯವರು ರ‍್ಯಾಡ್‌ಕ್ಲಿಫ್ ಮಹಿಳಾ ಕಾಲೇಜಿನಲ್ಲಿ ಮೊದಮೊದಲು ಕಲಿತವರಲ್ಲೊಬ್ಬರು. ನಾಲ್ವರು ಮಕ್ಕಳಲ್ಲಿ ಹೆಲೆನಳೇ ಕಿರಿಯಳು. ಆಕೆಗೆ 11 ವರ್ಷಗಳಾದಾಗ ತಾಯಿಯು ಕ್ಷಯರೋಗದಿಂದ ತೀರಿಕೊಂಡಳು. ಬಾಲಿಕೆಗೂ ಅದೇ ರೋಗವು ತಗುಲಿ, ಕೆಲವು ಕಾಲ ಅರ್ಧ ದಿನ ಮಾತ್ರ ಶಾಲೆಗೆ ಹೋಗುವಂತಾಯಿತು.

ಇದಲ್ಲದೆ ಇನ್ನೊಂದು ಕಷ್ಟವಿತ್ತು. ಹೆಲೆನಳಿಗೆ ಓದು ಹತ್ತುತ್ತಿರಲಿಲ್ಲ. ಜೊತೆಯವರು ಪುಟವನ್ನು ಮುಗಿಸುವಷ್ಟರಲ್ಲಿ ಈಕೆ ಒಂದೆರಡು ಸಾಲುಗಳಲ್ಲೇ ತೊಳಲಾಡುವಳು. ಬುದ್ಧಿಯು ಚುರುಕಾಗಿದ್ದರೂ ಓದು ಸರಾಗವಾಗಿ ಬಾರದ ಈ ತೊಡಕಿಗೆ ಈಗ ಡಿಸ್ಲೆಕ್ಸಿಯಾ ಎಂಬ ಹೆಸರಿದೆ. ಆ ಕಾಲದಲ್ಲಿ ಇಂಥ ಮಕ್ಕಳನ್ನು ದಡ್ಡರೆಂದು ಕರೆಯುವುದೇ ವಾಡಿಕೆಯಾಗಿತ್ತು. ತಂದೆಯವರು ಹಾಗೆ ಕರೆಯಲಿಲ್ಲ. ಮಗಳನ್ನು ಬಳಿಯಲ್ಲಿ ಕುಳ್ಳಿರಿಸಿಕೊಂಡು ಬೇಸರಪಡದೆ ಓದಿಸಿದರು. ಪಾಲಕರು ಈ ತಂದೆಯನ್ನು ನೆನಪಿನಲ್ಲಿಡಬೇಕೆಂದು ಬೇಡುವೆವು.

ಹೆಲೆನ್ ಬಾಯಿಯವರು 1921ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪದವಿಯನ್ನು ಪಡೆದು ವೈದ್ಯಶಾಸ್ತ್ರವನ್ನು ಕಲಿಯಬಯಸಿದರು. ಆಗ ಹಾರ್ವರ್ಡಿನ ವೈದ್ಯ ವಿದ್ಯಾಲಯವು ಸ್ತ್ರೀಯರಿಗೆ ಪದವಿಯನ್ನು ಕೊಡುತ್ತಿರಲಿಲ್ಲ. ಉಪನ್ಯಾಸವನ್ನು ಕೇಳಬಹುದು, ಆದರೆ ಗಂಡುಮಕ್ಕಳಿಂದ ದೂರವಾಗಿ ಮೂಲೆಯಲ್ಲಿ ಕುಳ್ಳಿರಬೇಕು ಎಂಬ ನಿಬಂಧನೆ. ಅವರು ಅಲ್ಲಿಂದ ಬೋಸ್ಟನ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿಯ ಶರೀರಶಾಸ್ತ್ರದ ಗುರುಗಳು ಒಂದು ದನದ ಹೃದಯವನ್ನು ಅವರ ಕೈಗಿತ್ತು ಅದನ್ನು ಪರಿಶೀಲಿಸಲು ಹೇಳಿದರು. ಆ ದಿನದಿಂದ ಅವರ ಆಯುಷ್ಯವೆಲ್ಲ ಹೃದಯದ ಅಭ್ಯಾಸಕ್ಕೇ ಮೀಸಲಾಯಿತು. ಅದೇ ಗುರುಗಳ ಸಲಹೆಯಂತೆ, ಸ್ತ್ರೀಯರಿಗೆ ಮೊದಲಿನಿಂದಲೂ ಬಾಗಿಲನ್ನು ತೆರೆದಿದ್ದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವೈದ್ಯ ವಿದ್ಯಾಲಯವನ್ನು ಸೇರಿ, 1927ರಲ್ಲಿ ಡಾಕ್ಟರರಾದರು. 1930ರಲ್ಲಿ ಅಲ್ಲಿಯ ಮಕ್ಕಳ ಹೃದ್ರೋಗ ಚಿಕಿತ್ಸಾಲಯವು ಅವರ ವಶಕ್ಕೆ ಬಂದಿತು.

ಆದರೆ ಇದೇ ಕಾಲದಲ್ಲಿ ಅವರ ಕಿವಿಗಳು ಮಂದವಾಗತೊಡಗಿದವು. ಎದೆಯ ಶಬ್ದವನ್ನು ಕೇಳಲಾರದ ಹೃದಯ ವೈದ್ಯೆಯೆಂದರೆ ಸ್ವರವು ಕೇಳದ ಸಂಗೀತಗಾರಳಂತೆಯೇ ಸರಿ! ಹೆಲೆನ್ ಬಾಯಿಯವರು ಕೆಲಸವನ್ನು ಬಿಡಲಿಲ್ಲ. ಎದುರಿನವರ ತುಟಿಗಳ ಚಲನೆಯಿಂದ ಮಾತನ್ನು ತಿಳಿಯಲು ಕಲಿತರು. ಮಗುವಿನ ಎದೆಯ ಮೇಲೆ ಮೆಲ್ಲಗೆ ಬೆರಳುಗಳನ್ನಿರಿಸಿ ಹೃದಯದ ಮಿಡಿತವನ್ನೂ ಕಂಪನವನ್ನೂ ಸ್ಪರ್ಶದಿಂದಲೇ ಗುರುತಿಸುವುದನ್ನು ರೂಢಿಸಿಕೊಂಡರು. ಕ್ಷ-ಕಿರಣದ ಪರದೆಯ ಮೇಲೆ ಹೃದಯದ ನೆರಳನ್ನು ಮುಂದಿನಿಂದಲೂ ಮಗ್ಗುಲಿನಿಂದಲೂ ಗಂಟೆಗಟ್ಟಲೆ ನೋಡಿ, ಯಾವ ಕೋಣೆಯು ದೊಡ್ಡದಾಗಿದೆ, ಯಾವುದು ಕಿರಿದಾಗಿದೆ ಎಂಬುದನ್ನು ನಿಶ್ಚಯಿಸುತ್ತಿದ್ದರು.

ಅವರ ಬಳಿಗೆ ಬರುತ್ತಿದ್ದ ಮಕ್ಕಳಲ್ಲಿ ತುಟಿ, ನಾಲಗೆ, ಉಗುರುಗಳೆಲ್ಲ ನೀಲಿಯಾದವರು ಕೆಲವರಿದ್ದರು. ಇವರಲ್ಲಿ ಬಹುಮಂದಿಗಿದ್ದ ವಿಕಾರವನ್ನು ಫ್ರಾನ್ಸಿನ ಫಾಲೋ ಎಂಬ ವೈದ್ಯರು 1888ರಲ್ಲಿಯೇ ವಿವರಿಸಿದ್ದರು. ಹುಟ್ಟಿನಿಂದಲೇ ಹೃದಯದಲ್ಲಿ ನಾಲ್ಕು ದೋಷಗಳು ಒಟ್ಟಾಗಿರುವ ಈ ರೋಗವು ವಿರಳವಾದುದು; ಹತ್ತು ಸಾವಿರ ಶಿಶುಗಳಲ್ಲಿ ಸುಮಾರು 3 ಅಥವಾ 4ಕ್ಕೆ ಬರುವಂಥದು. ಹೃದಯದಿಂದ ಪುಪ್ಪುಸಗಳಿಗೆ ಹೋಗುವ ದಾರಿಯು ಇಕ್ಕಟ್ಟಾಗಿರುವುದು, ಹೃದಯದ ಎರಡು ಕೆಳಕೋಣೆಗಳ ನಡುವಿನ ಗೋಡೆಯಲ್ಲಿ ರಂಧ್ರವಿರುವುದು. ಆದುದರಿಂದ ಪ್ರಾಣವಾಯುವನ್ನು ಪಡೆಯದ ರಕ್ತವು ಹಾಗೆಯೇ ಮೈಯೆಲ್ಲ ಹರಿಯುವುದು. ಇಂಥ ಮಕ್ಕಳನ್ನು ಮರಣಕ್ಕೆ ಒಪ್ಪಿಸುವುದಲ್ಲದೆ ಬೇರೆ ಉಪಾಯವಿಲ್ಲವೆಂದು ವೈದ್ಯರು ನಂಬಿದ್ದರು.

ಹೆಲೆನ್ ಬಾಯಿಯವರು ಒಂದು ಸಂಗತಿಯನ್ನು ಕಂಡುಕೊಂಡರು. ಗರ್ಭದಲ್ಲಿರುವ ಶಿಶುವಿಗೆ ಎರಡು ಮಹಾನಾಳಗಳನ್ನು ಕೂಡಿಸುವ ಸಣ್ಣ ನಾಳವೊಂದಿರುವುದು. ಹುಟ್ಟಿದ ಕೆಲ ದಿನಗಳಲ್ಲಿ ಅದು ತಾನಾಗಿ ಮುಚ್ಚಿಕೊಳ್ಳುವುದು. ಅದು ತೆರೆದೇ ಉಳಿದ ನೀಲಿ ಮಕ್ಕಳು ಬಾಳುತ್ತಿದ್ದರು, ಮುಚ್ಚಿದ ಕೂಡಲೆ ಕ್ಷೀಣಿಸುತ್ತಿದ್ದರು. ಹಾಗಾದರೆ ಅಂಥ ನಾಳವನ್ನು ಶಸ್ತ್ರದಿಂದ ಹೊಸದಾಗಿ ಮಾಡಬಾರದೇಕೆ? ಬೋಸ್ಟನ್ನಿನ ಒಬ್ಬ ಹೆಸರಾಂತ ಶಸ್ತ್ರವೈದ್ಯರನ್ನು ಕೇಳಿದಾಗ ಅವರು ಆಸಕ್ತಿಯನ್ನು ತೋರಲಿಲ್ಲ. 1941ರಲ್ಲಿ ಜಾನ್ಸ್ ಹಾಪ್ಕಿನ್ಸಿಗೆ ಬಂದ ಡಾ. ಆಲ್ಫ್ರೆಡ್ ಬ್ಲೇಲಾಕ್ ಇವರು ಒಪ್ಪಿಕೊಂಡರು.

ಇಲ್ಲಿ ಮೂರನೆಯವರೊಬ್ಬರನ್ನು ನೆನೆಯದಿದ್ದರೆ ಅನ್ಯಾಯವಾದೀತು. ವಿವಿಯನ್ ಥಾಮಸ್ ಎಂಬ ಕಪ್ಪು ಜನಾಂಗದ ತರುಣರು ಬ್ಲೇಲಾಕರ ಪ್ರಯೋಗಶಾಲೆಯ ಸಹಾಯಕರು. ವೈದ್ಯರಾಗಬೇಕೆಂದು ಬಡಗಿ ಕೆಲಸದಿಂದ ಕೂಡಿಟ್ಟ ಹಣವು ಬ್ಯಾಂಕು ಮುಳುಗಿದಾಗ ಕರಗಿಹೋದುದರಿಂದ ಅವರು ಕಾಲೇಜನ್ನು ಕಾಣಲಿಲ್ಲ. ನಾಯಿಗಳ ಮೇಲೆ ಈ ಶಸ್ತ್ರಕ್ರಿಯೆಯನ್ನು ಮತ್ತೆ ಮತ್ತೆ ಮಾಡಿ ಅದರ ವಿಧಾನವನ್ನು ಸಿದ್ಧಪಡಿಸಿದವರು ಅವರೇ. 1944ನೆಯ ನವೆಂಬರ್ 29ರಂದು 15 ತಿಂಗಳ ಒಂದು ಹೆಣ್ಣು ಕೂಸಿಗೆ ಮೊದಲ ಶಸ್ತ್ರಕ್ರಿಯೆಯಾದಾಗ, ಬ್ಲೇಲಾಕರ ಬೆನ್ನ ಹಿಂದೆ ಸಣ್ಣ ಮಣೆಯ ಮೇಲೆ ನಿಂತು ಥಾಮಸರು ಹೊಲಿಗೆಯ ಒಂದೊಂದು ಹೆಜ್ಜೆಯನ್ನೂ ತಿಳಿಸುತ್ತಿದ್ದರು. 1945ರಲ್ಲಿ ಪ್ರಕಟವಾದ ವರದಿಯಲ್ಲಿ ಅವರ ಹೆಸರು ಬರಲಿಲ್ಲ. ಗೌರವ ಡಾಕ್ಟರೇಟು ಅವರಿಗೆ ದೊರೆತುದು 1976ರಲ್ಲಿ.

ಆ ಮೊದಲ ಕೂಸು ಚೇತರಿಸಿಕೊಂಡರೂ ಬಹುಕಾಲ ಬದುಕಲಿಲ್ಲ. ಆದರೆ ಮೂರನೆಯ ರೋಗಿಯಾದ ಆರು ವರ್ಷದ ಹುಡುಗನ ನೀಲಿ ತುಟಿಗಳು ಮೇಜಿನ ಮೇಲೆಯೇ, ನೋಡನೋಡುತ್ತಿದ್ದಂತೆ ಕೆಂಪೇರಿದವು. ಸುದ್ದಿಯು ಹಬ್ಬಿ, ದೇಶವಿದೇಶಗಳಿಂದ ತಾಯಿತಂದೆಗಳು ಮಕ್ಕಳನ್ನೆತ್ತಿಕೊಂಡು ಬಾಲ್ಟಿಮೋರಿಗೆ ಬಂದರು. ಕಲಿಯಲೆಂದು ವೈದ್ಯರೂ ಬಂದರು. ಭಾರತದ ಮೊದಲ ಮಹಿಳಾ ಹೃದ್ರೋಗ ತಜ್ಞೆಯೆನಿಸಿದ ಡಾ. ಎಸ್. ಪದ್ಮಾವತಿಯವರು (1917-2020) ಹೆಲೆನ್ ಬಾಯಿಯವರ ಕೈಕೆಳಗೆ ಅಭ್ಯಾಸ ಮಾಡಿ, ದಿಲ್ಲಿಗೆ ಬಂದು ನಮ್ಮವರಿಗೆ ಆ ವಿದ್ಯೆಯನ್ನು ಕಲಿಸಿದರು. ಬಾಲ್ಟಿಮೋರಿನ ದೀಪದಿಂದ ನಮ್ಮ ದೇಶದಲ್ಲಿಯೂ ದೀಪವು ಹತ್ತಿದ ಬಗೆಯಿದು.

1947ರಲ್ಲಿ ಹೆಲೆನ್ ಬಾಯಿಯವರ ಮಹಾಗ್ರಂಥವು ಹೊರಬಂದಿತು. 1962ರಲ್ಲಿ ಥಾಲಿಡೊಮೈಡ್ ಎಂಬ ಔಷಧದಿಂದ ಜರ್ಮನಿಯಲ್ಲಿ ಕೈಕಾಲುಗಳಿಲ್ಲದ ಶಿಶುಗಳು ಹುಟ್ಟುತ್ತಿವೆಯೆಂದು ಕೇಳಿ, ತಾವೇ ಅಲ್ಲಿಗೆ ಹೋಗಿ ನೋಡಿ ಬಂದು ತಮ್ಮ ದೇಶವನ್ನು ಎಚ್ಚರಿಸಿದರು. 1965ರಲ್ಲಿ ಅಮೇರಿಕೆಯ ಹೃದಯ ಸಂಘಕ್ಕೆ ಮೊದಲ ಮಹಿಳಾ ಅಧ್ಯಕ್ಷರಾದರು. ಮದುವೆಯಾಗದಿದ್ದ ಅವರಿಗೆ ತಾವು ಉಳಿಸಿದ ಮಕ್ಕಳೇ ಬಳಗ. 1986ನೆಯ ಮೇ 20ರಂದು, 88 ತುಂಬಲು ನಾಲ್ಕೇ ದಿನಗಳಿರುವಾಗ, ಮೋಟಾರು ಅಪಘಾತದಲ್ಲಿ ತೀರಿಕೊಂಡರು.

ಇನ್ನು ನಮ್ಮ ತಪ್ಪಿನ ಮಾತು. ಬಹಳ ವರ್ಷಗಳ ಕೆಳಗೆ ನಾವು ಬೇರೊಂದು ಶಾಲೆಯಲ್ಲಿ ಕಿರಿಯ ಶಿಕ್ಷಕಿಯಾಗಿದ್ದಾಗ, ಹಳ್ಳಿಯಿಂದ ಬಂದ ಒಬ್ಬ ಬಾಲಿಕೆಯು ಕವಾಯತಿನಲ್ಲಿ ನಾಲ್ಕು ಹೆಜ್ಜೆ ಓಡಿದೊಡನೆ ಮೊಣಕಾಲುಗಳನ್ನು ಎದೆಗೊತ್ತಿಕೊಂಡು ಕುಕ್ಕರುಗಾಲಿನಲ್ಲಿ ಕುಳಿತುಬಿಡುತ್ತಿದ್ದಳು. ಇವಳು ಮೈಗಳ್ಳಿ ಎಂದು ನಾವು ಎಲ್ಲರೆದುರಿಗೆ ಗದರಿಸಿ ಎಬ್ಬಿಸಿದೆವು. ಒಮ್ಮೆಯಲ್ಲ, ಹಲವು ಸಲ. ಅವಳು ಎದುರಾಡಲಿಲ್ಲ. ವರ್ಷವು ಮುಗಿಯುವುದರೊಳಗೆ ತಂದೆಯು ಬಂದು ಅವಳನ್ನು ಶಾಲೆಯಿಂದ ಬಿಡಿಸಿಕೊಂಡು ಹೋದನು.

ಹೆಲೆನ್ ಬಾಯಿಯವರು ತಮ್ಮ ಚಿಕಿತ್ಸಾಲಯದಲ್ಲಿ ಕಂಡುದು ಇದನ್ನೇ. ಫಾಲೋ ರೋಗದ ಮಗುವು ದಣಿದಾಗ ಹೀಗೆಯೇ ಕುಕ್ಕರಿಸುವುದು. ಆಗ ಕಾಲುಗಳ ಕಡೆಯ ರಕ್ತದ ಹರಿವಿಗೆ ತಡೆಯಾಗಿ ಪುಪ್ಪುಸಗಳಿಗೆ ಹೆಚ್ಚು ರಕ್ತವು ಹೋಗುವುದು, ಉಸಿರು ಹಗುರಾಗುವುದು. ಯಾರೂ ಕಲಿಸದೆ ಮಗುವು ತಾನೇ ಕಂಡುಕೊಂಡ ಔಷಧವದು. ಆ ಬಾಲಿಕೆಗೆ ಇದೇ ರೋಗವಿದ್ದಿತೋ ಏನೋ ಈಗ ಹೇಳಲಾರೆವು. ಆದರೆ ನಾವು ಅವಳ ತುಟಿಗಳನ್ನಾಗಲಿ ಉಗುರುಗಳನ್ನಾಗಲಿ ಒಮ್ಮೆಯೂ ನೋಡಲಿಲ್ಲವೆಂಬುದು ನಿಜ.

ಆದುದರಿಂದ ಹಳೆಯ ವಿದ್ಯಾರ್ಥಿನಿಯರೇ, ಈಗ ತಾಯಂದಿರೂ ಶಿಕ್ಷಕಿಯರೂ ಆಗಿರುವ ನೀವು ನಮ್ಮಂತೆ ಮಾಡಬೇಡಿರಿ. ಸಾವಿರ ಶಿಶುಗಳಲ್ಲಿ 8 ಅಥವಾ 9ಕ್ಕೆ ಹುಟ್ಟಿನಿಂದ ಹೃದಯದ ದೋಷವಿರುವುದು. ಕಡಲ ನಡುವಿನ ಸಣ್ಣ ದ್ವೀಪದವರು ಹೇಗೆ ತಮ್ಮ ತಮ್ಮೊಳಗೇ ಕೊಟ್ಟು ತರುವರೋ ಹಾಗೆ, ನೆಲದ ಮೇಲಿದ್ದರೂ ನಮ್ಮಲ್ಲಿ ಸೋದರಮಾವನಿಗೂ ಅತ್ತೆಯ ಮಗನಿಗೂ ಹೆಣ್ಣು ಕೊಡುವ ರೂಢಿಯುಂಟು. ರಕ್ತಸಂಬಂಧದ ಮದುವೆಗಳಿಂದ ಹುಟ್ಟು ದೋಷಗಳ ಭಯವು ಹೆಚ್ಚುವುದೆಂದು ವೈದ್ಯರು ಹೇಳುವರು. ಮೊಲೆಯುಣ್ಣುವಾಗ ಬೆವರುವ ಕೂಸು, ತೂಕವೇರದ ಕೂಸು, ಅಳುವಾಗ ನೀಲಿಯಾಗುವ ಕೂಸು, ಆಡುತ್ತಾಡುತ್ತ ಕುಕ್ಕರಿಸುವ ಮಗು, ಗಂಟಲುನೋವಿನ ಹಿಂದೆಯೇ ಜ್ವರವೂ ಕೀಲುಬಾವೂ ಬಂದ ಮಗು: ಇವರನ್ನು ದೃಷ್ಟಿ ತಗುಲಿತೆಂದು ಮನೆಯಲ್ಲಿರಿಸಿಕೊಳ್ಳದೆ ದವಾಖಾನೆಗೆ ಕರೆದೊಯ್ಯಿರಿ. 2013ರಿಂದ ನಡೆದಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸರಕಾರದ ವೈದ್ಯರ ತಂಡಗಳು ಅಂಗನವಾಡಿಗಳಿಗೂ ಸರಕಾರಿ ಶಾಲೆಗಳಿಗೂ ಬಂದು ಮಕ್ಕಳನ್ನು ಪರೀಕ್ಷಿಸುವವು. ಹೃದಯದ ಹುಟ್ಟು ದೋಷಗಳೂ ಆ ಪಟ್ಟಿಯಲ್ಲಿವೆ. ಪರೀಕ್ಷೆಯ ದಿನ ಮಗುವನ್ನು ಹೊಲಕ್ಕೂ ಜಾತ್ರೆಗೂ ಕಳಿಸದೆ ತಪ್ಪದೆ ಹಾಜರುಪಡಿಸಿರಿ.

ನಮ್ಮ ಶಾಲೆಯಲ್ಲಿ ಈಗ ಕವಾಯತಿನ ವೇಳೆ ಯಾವ ಬಾಲಿಕೆಯಾದರೂ ಕುಳಿತರೆ ಶಿಕ್ಷಕಿಯು ಮೊದಲು ಹತ್ತಿರ ಹೋಗಿ ಅವಳ ಕೈಯನ್ನು ಹಿಡಿದು ನೋಡಬೇಕೆಂದು ನಿಯಮ ಮಾಡಿರುವೆವು. ಆ ಹಳೆಯ ಬಾಲಿಕೆಯು ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ ನಾವರಿಯೆವು. ಇದ್ದು ಈ ಪುಟಗಳು ಅವಳ ಕೈಗೆ ಬಂದರೆ, ಅವಳ ಶಿಕ್ಷಕಿಯು ಅವಳ ಕ್ಷಮೆಯನ್ನು ಬೇಡಿರುವಳೆಂದು ತಿಳಿಯಲಿ.