ಆಲನ್ ಟ್ಯೂರಿಂಗನ ಜೀವಿತ

ನಮ್ಮ ಪಾಠಶಾಲೆಯ ಪೂರ್ವವಿದ್ಯಾರ್ಥಿನಿಯರು ದೇಶವಿದೇಶಗಳಲ್ಲಿ ಚದುರಿರುವುದರಿಂದ ಅವರು ಈಗ ಕಲೆತು ಮಾತನಾಡುವುದು ಬಹುಮಟ್ಟಿಗೆ ಅಂತರ್ಜಾಲದ ಕೂಟಗಳಲ್ಲಿಯೇ. ಅಂತಹ ಕೂಟಗಳಲ್ಲಿ ಮನುಷ್ಯರ ಹೆಸರನ್ನೂ ಭಾವಚಿತ್ರವನ್ನೂ ಧರಿಸಿ ಬಾಟ್ ಎಂಬ ಯಂತ್ರಕ್ರಮಗಳು ಮಾತನಾಡುತ್ತಿರುವುದನ್ನು ವಾಚಕರು ಬಲ್ಲರು. ಬರೆದುದನ್ನು ಮಾತ್ರ ನೋಡಿ, ಬರೆದುದು ಮನುಷ್ಯನೋ ಯಂತ್ರವೋ ಎಂದು ತಿಳಿಯಬಹುದೇ? ಅಂತರ್ಜಾಲವು ಹುಟ್ಟುವುದಕ್ಕೆ ಬಹಳ ಮುಂಚೆ ಈ ಪ್ರಶ್ನೆಯನ್ನು ಕೇಳಿದವನ ಜೀವಿತವನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ಆಲನ್ ಮ್ಯಾಥಿಸನ್ ಟ್ಯೂರಿಂಗನು 1912ನೆಯ ಇಸವಿ ಜೂನ್ 23ರಂದು ಲಂಡನ್ ಪಟ್ಟಣದಲ್ಲಿ ಜನಿಸಿದನು. ತಂದೆಯು ಮದ್ರಾಸು ಆಧಿಪತ್ಯದಲ್ಲಿ ಸಿವಿಲ್ ಸರ್ವಿಸಿನ ಅಧಿಕಾರಿ. ತಾಯಿಯು ಕೊಯಮತ್ತೂರಿನ ಬಳಿಯ ಪೋದನೂರಿನಲ್ಲಿ ಹುಟ್ಟಿದವಳು, ಮದ್ರಾಸು ರೈಲ್ವೆಯ ಮುಖ್ಯ ಇಂಜಿನಿಯರನ ಮಗಳು. ದಂಪತಿಗಳು ಹಿಂದೂದೇಶಕ್ಕೆ ಹಿಂದಿರುಗುವಾಗ ಮಕ್ಕಳಿಬ್ಬರನ್ನೂ ಇಂಗ್ಲೆಂಡಿನಲ್ಲಿ ಬೇರೊಬ್ಬರ ಮನೆಯಲ್ಲಿ ಬಿಟ್ಟರು. ಹೀಗೆ ಬಾಲ್ಯದ ಅನೇಕ ತಿಂಗಳುಗಳನ್ನು ಈ ಹುಡುಗನು ಹೆತ್ತವರಿಂದ ದೂರವಾಗಿಯೇ ಕಳೆದನು. ಅವರ ಮಾತು ಆತನಿಗೆ ತಲುಪುತ್ತಿದ್ದುದು ಕಾಗದದ ಮೇಲಣ ಅಕ್ಷರಗಳಲ್ಲಿ. ಹಾಸ್ಟೆಲಿನಲ್ಲಿ ಮಗಳನ್ನು ಬಿಟ್ಟುಹೋದ ತಾಯಂದಿರಿಗೆ ಇದನ್ನು ವಿವರಿಸಬೇಕಾದುದಿಲ್ಲ.

1926ರಲ್ಲಿ ಶೆರ್ಬರ್ನ್ ಪಾಠಶಾಲೆಗೆ ಸೇರುವ ಹೊತ್ತಿಗೆ ದೇಶವ್ಯಾಪಿ ಮುಷ್ಕರದಿಂದ ರೈಲುಗಳು ನಿಂತಿದ್ದವು. ಹುಡುಗನು ಸುಮಾರು 60 ಮೈಲಿ ಸೈಕಲ್ ತುಳಿದುಕೊಂಡು ಬಂದನು. ಬರವಣಿಗೆ ಕೊಳಕು, ಗಣಿತದಲ್ಲಿ ಅಸಾಧಾರಣ ಬುದ್ಧಿ. ಇಂತಹ ಮಗುವನ್ನು ಕಂಡು ಗೊಣಗುವ ಉಪಾಧ್ಯಾಯರು ಎಲ್ಲ ದೇಶಗಳಲ್ಲಿಯೂ ಇದ್ದಾರೆ, ನಾವೂ ಗೊಣಗಿದ್ದೇವೆ. 1930ರಲ್ಲಿ ಪ್ರಾಣಸ್ನೇಹಿತನಾದ ಕ್ರಿಸ್ಟಫರ್ ಮಾರ್ಕಮನು ಕ್ಷಯರೋಗದಿಂದ ತೀರಿಕೊಂಡಾಗ, ಟ್ಯೂರಿಂಗನು ಆ ಸ್ನೇಹಿತನ ತಾಯಿಗೆ ಅನೇಕ ವರ್ಷಗಳವರೆಗೆ ಪತ್ರ ಬರೆಯುತ್ತಿದ್ದನು.

ಕೇಂಬ್ರಿಜ್ಜಿನಲ್ಲಿ ಓದಿ, 1936ರಲ್ಲಿ ಪ್ರಕಟಿಸಲು ಒಪ್ಪಿಸಿದ ಲೇಖನವೊಂದರಲ್ಲಿ, ಉದ್ದವಾದ ಪಟ್ಟಿಯ ಮೇಲಿನ ಚಿಹ್ನೆಗಳನ್ನು ಓದಿ, ಅಳಿಸಿ, ಬರೆಯುವ ಒಂದು ಕಲ್ಪಿತ ಯಂತ್ರವನ್ನು ವಿವರಿಸಿದನು. ಇಂದಿನ ಗಣಕಯಂತ್ರಗಳ ತತ್ವವೆಲ್ಲವೂ ಅದರಲ್ಲಿ ಅಡಗಿದೆ. ಯುದ್ಧಕಾಲದಲ್ಲಿ ಬ್ಲೆಚ್ಲಿ ಪಾರ್ಕಿನಲ್ಲಿದ್ದುಕೊಂಡು ಜರ್ಮನರ ಎನಿಗ್ಮಾ ಗೂಢಲಿಪಿಯನ್ನು ಬಿಡಿಸಿದವರಲ್ಲಿ ಈತನು ಪ್ರಮುಖನು. ಆ ಕೆಲಸವು ದಶಕಗಳ ಕಾಲ ಗುಟ್ಟಾಗಿಯೇ ಇದ್ದಿತು.

1950ರಲ್ಲಿ, ಮ್ಯಾಂಚೆಸ್ಟರಿನಲ್ಲಿದ್ದಾಗ, ಮೈಂಡ್ ಎಂಬ ಪತ್ರಿಕೆಯಲ್ಲಿ ಆತನು ಒಂದು ಆಟವನ್ನು ವರ್ಣಿಸಿದನು. ಪರೀಕ್ಷಕನು ಒಂದು ಕೋಣೆಯಲ್ಲಿ. ಮತ್ತೊಂದು ಕಡೆ ಒಬ್ಬ ಮನುಷ್ಯನೂ ಒಂದು ಯಂತ್ರವೂ. ಮುಖವಿಲ್ಲ, ಧ್ವನಿಯಿಲ್ಲ, ಟೆಲಿಪ್ರಿಂಟರಿನ ಅಕ್ಷರಗಳು ಮಾತ್ರ. ಏನನ್ನು ಬೇಕಾದರೂ ಕೇಳಿ, ಯಾರು ಯಾರೆಂದು ಪರೀಕ್ಷಕನು ಹೇಳಬೇಕು. ಅಲ್ಲಿಯ ಮಾದರಿ ಪ್ರಶ್ನೆಯೊಂದರಲ್ಲಿ 34957ಕ್ಕೆ 70764ನ್ನು ಕೂಡಿಸಲು ಕೇಳಿದಾಗ, ಉತ್ತರವು ಸುಮಾರು 30 ಸೆಕೆಂಡು ತಡೆದು 105621 ಎಂದು ಬರುತ್ತದೆ. ನಮ್ಮ ಹುಡುಗಿಯರು ಕೂಡಿಸಿ ನೋಡಲಿ: ಸರಿಯಾದ ಮೊತ್ತವು 105721. ಮನುಷ್ಯನೆನಿಸಿಕೊಳ್ಳಲು ಯಂತ್ರವು ತಡಮಾಡಿ, ಬೇಕೆಂದೇ ತಪ್ಪುವುದನ್ನೂ ಕಲಿತೀತೆಂದು ಟ್ಯೂರಿಂಗನು ಕಂಡಿದ್ದನು. ಸುಮಾರು 50 ವರ್ಷಗಳಲ್ಲಿ, ಐದು ನಿಮಿಷಗಳ ಸಂಭಾಷಣೆಯಿಂದ ಸಾಮಾನ್ಯ ಪರೀಕ್ಷಕನು ನೂರಕ್ಕೆ 70ಕ್ಕಿಂತ ಹೆಚ್ಚು ಸಲ ಸರಿಯಾಗಿ ಗುರುತಿಸಲಾರನೆಂದು ಭವಿಷ್ಯ ನುಡಿದನು. ಪ್ರೌಢನ ಬುದ್ಧಿಯುಳ್ಳ ಯಂತ್ರವನ್ನು ಮಾಡುವುದಕ್ಕೆ ಬದಲಾಗಿ ಶಿಶುವಿನಂತಹ ಯಂತ್ರವನ್ನು ಮಾಡಿ ಅದಕ್ಕೆ ಶಿಕ್ಷಣ ಕೊಡಬಾರದೇಕೆ ಎಂದು ಅದೇ ಲೇಖನದಲ್ಲಿ ಕೇಳಿ, ಹೆಲೆನ್ ಕೆಲರ್ ಅವರ ದೃಷ್ಟಾಂತವನ್ನು ಕೊಟ್ಟನು. ಉಪಾಧ್ಯಾಯಿನಿಯರಾದ ನಮಗೆ ಆ ಭಾಗವೇ ಹೆಚ್ಚು ರುಚಿಸಿತು.

ಆತನ ಅಂತ್ಯವು ದುಃಖಕರ. ಪುರುಷರ ನಡುವಣ ಪ್ರಣಯವು ಅಂದಿನ ಇಂಗ್ಲೆಂಡಿನ ಕಾನೂನಿನಲ್ಲಿ ಅಪರಾಧವಾಗಿತ್ತು. 1952ರಲ್ಲಿ ನ್ಯಾಯಾಲಯವು ಆತನನ್ನು ಅಪರಾಧಿಯೆಂದಿತು. ಸೆರೆಮನೆಗೆ ಬದಲಾಗಿ ಹಾರ್ಮೋನುಗಳ ಚಿಕಿತ್ಸೆಗೆ ಒಳಗಾಗಬೇಕಾಯಿತು. 1954ನೆಯ ಜೂನ್ 7ರಂದು, 41ನೆಯ ವಯಸ್ಸಿನಲ್ಲಿ, ಸಯನೈಡ್ ವಿಷದಿಂದ ಮರಣಹೊಂದಿದನು. ವಿಚಾರಣೆಯಲ್ಲಿ ಆತ್ಮಹತ್ಯವೆಂದು ತೀರ್ಮಾನವಾಯಿತು. 2009ರಲ್ಲಿ ಬ್ರಿಟಿಷ್ ಪ್ರಧಾನಮಂತ್ರಿಯು ಕ್ಷಮೆ ಬೇಡಿದನು. 2013ರಲ್ಲಿ ರಾಣಿಯ ಕ್ಷಮಾದಾನವು ಬಂದಿತು. ಬಹಳ ತಡವಾಯಿತೆಂದೇ ನಮ್ಮ ಅಭಿಪ್ರಾಯ.

ಆತನ ಆಟವು ಆತನ ಹಿಂದೆಯೇ ಸಾಯಲಿಲ್ಲ. ಜಾಲತಾಣಗಳ ಬಾಗಿಲಲ್ಲಿ ಸೊಟ್ಟ ಅಕ್ಷರಗಳನ್ನು ತೋರಿಸಿ ಓದಿಸುವ ಕ್ಯಾಪ್ಚಾ ಎಂಬ ಪರೀಕ್ಷೆಯ ಇಂಗ್ಲಿಷ್ ಹೆಸರಿನ ವಿಸ್ತಾರದಲ್ಲಿ ಟ್ಯೂರಿಂಗನ ಹೆಸರಿದೆ; ಅಲ್ಲಿ ಪರೀಕ್ಷಕನೇ ಯಂತ್ರ, ಪರೀಕ್ಷೆಗೆ ಗುರಿಯಾದವರು ನಾವು! 2014ರ ವೇಳೆಗೆ ಆ ಅಕ್ಷರಗಳನ್ನು ಯಂತ್ರಗಳು ಚೆನ್ನಾಗಿ ಓದತೊಡಗಿದ್ದವು. 2025ರಲ್ಲಿ ಕ್ಯಾಲಿಫೋರ್ನಿಯದ ಸಂಶೋಧಕರು ಐದು ನಿಮಿಷಗಳ ಆಟವನ್ನೇ ಆಡಿಸಿದಾಗ, ಒಂದು ವೇಷವನ್ನು ಕಲಿಸಿಕೊಟ್ಟ ಯಂತ್ರವೊಂದನ್ನು ಪರೀಕ್ಷಕರು ನೂರಕ್ಕೆ 73 ಸಲ ಮನುಷ್ಯನೆಂದು ಆರಿಸಿದರು.

ಯಂತ್ರವನ್ನು ಮನುಷ್ಯನೆಂದು ಭ್ರಮಿಸುವುದು ಒಂದು ನಷ್ಟ. ಮನುಷ್ಯನನ್ನು ಯಂತ್ರವೆನ್ನುವುದು ಮತ್ತೊಂದು. ಹೋದ ವರ್ಷ ನಮ್ಮ ಪೂರ್ವವಿದ್ಯಾರ್ಥಿನಿಯರ ಕೂಟದಲ್ಲಿ ಎರಡನೆಯದು ನಡೆಯಿತು. ದೂರದೇಶದಲ್ಲಿರುವ ಒಬ್ಬಾಕೆ, ನಾವು ಕಲಿಸಿದ ಗ್ರಂಥಸ್ಥ ಕನ್ನಡದಲ್ಲಿಯೇ, ಅಕಾಲದಲ್ಲಿ, ನೀಳವಾಗಿ ಬರೆಯುತ್ತಿದ್ದಳು. ಭಾವಚಿತ್ರವಿರಲಿಲ್ಲ. ಮನುಷ್ಯರು ಹೀಗೆ ಬರೆಯುವುದಿಲ್ಲವೆಂದು ಕೆಲವರು ಆಕೆಯನ್ನು ಬಾಟ್ ಎಂದು ಹಾಸ್ಯಮಾಡಿದರು. ಆಕೆ ಉತ್ತರ ಕೊಡದೆ ಕೂಟವನ್ನು ಬಿಟ್ಟಳು. ನಾವು ಹಳೆಯ ವಿಳಾಸವನ್ನು ಹುಡುಕಿ, ಕೈಯಿಂದ ಪತ್ರ ಬರೆದೆವು. ಆರು ವಾರಗಳ ಮೇಲೆ ಉತ್ತರವು ಅಂಚೆಯಲ್ಲಿ ಬಂದಿತು. ಎಂಟನೆಯ ತರಗತಿಯಲ್ಲಿ ನಾವು ಕೆಂಪು ಶಾಯಿಯಿಂದ ಎಷ್ಟು ತಿದ್ದಿದರೂ ನೆಟ್ಟಗಾಗದ ಆ ಬಲಕ್ಕೆ ವಾಲಿದ ಅಕ್ಷರಗಳು ಹಾಗೆಯೇ ಇದ್ದವು.