ಕೆಸರಿನ ಗುಳ್ಳೆಗೆ ಬೆಂಕಿ ತಾಗಿಸಿದ ವೋಲ್ಟಾ

ಕೆರೆಯಂಚಿನ ಕೆಸರಿನಲ್ಲಿ ಕೋಲಾಡಿಸಿದರೆ ಗುಳ್ಳೆ ಏಳುವುದನ್ನು ನೀವು ನೋಡಿಯೇ ಇರುತ್ತೀರಿ. ಆ ಗುಳ್ಳೆಯಲ್ಲಿ ಏನಿದೆಯೆಂದು ಕೆದಕಿ ನೋಡಿದವರು ಇಟಲಿಯ ಅಲೆಸಾಂಡ್ರೋ ವೋಲ್ಟಾ.

1745ರಲ್ಲಿ ಕೋಮೋ ಪಟ್ಟಣದಲ್ಲಿ ಹುಟ್ಟಿದ ಇವರು ಅಲ್ಲಿಯೇ ಶಾಲಾ ಉಪಾಧ್ಯಾಯರಾದರು. 1776ರ ನವೆಂಬರಿನಲ್ಲಿ ಮಾಜ್ಜೋರೆ ಸರೋವರದ ದಡದ ಕೆಸರು ಕಲಕಿ, ಎದ್ದ ಗುಳ್ಳೆಗಳನ್ನು ಬಾಟಲಿಯಲ್ಲಿ ಹಿಡಿದರು. ಬೆಂಕಿ ತಾಗಿಸಿದಾಗ ನೀಲಿ ಜ್ವಾಲೆ ಎದ್ದಿತು! ನೀರಿನಡಿ ಕೊಳೆತ ಸೊಪ್ಪುಸದೆಯೇ ಈ ಅನಿಲದ ಮೂಲವೆಂದು ಅವರು ಕಂಡುಕೊಂಡರು. ಜಗತ್ತು ಅವರನ್ನು ನೆನೆಯುವುದು 1800ರಲ್ಲಿ ಪ್ರಕಟಿಸಿದ ವಿದ್ಯುತ್ ಕೋಶಕ್ಕಾಗಿ. ವಿದ್ಯುತ್ತಿನ 'ವೋಲ್ಟ್' ಅಳತೆ ಅವರ ಹೆಸರಿನದೇ. 1827ರಲ್ಲಿ ತೀರಿಕೊಂಡರು.

ಆದರೆ ನಮಗೆ ಬೇಕಾದದ್ದು ಆ ಕೆಸರಿನ ಬಾಟಲಿ. ಅದರಲ್ಲಿದ್ದ ಮೀಥೇನ್ ಅನಿಲವೇ ಇಂದು ಗೋಬರ್ ಗ್ಯಾಸ್ ಒಲೆಯಲ್ಲಿ ಉರಿಯುವುದು. ಮಳೆಗೆ ಸಿಕ್ಕಿ ದನ ಮೂಸದ ಭತ್ತದ ಹುಲ್ಲನ್ನು ಸುಟ್ಟುಬಿಡುತ್ತೀರಲ್ಲವೇ? ಅದರಲ್ಲೂ ಈ ಅನಿಲ ಅಡಗಿದೆ. (ಒಳ್ಳೆಯ ಹುಲ್ಲು ದನಕ್ಕೇ ಇರಲಿ.) ಹಾಗೆಂದು ಇಡೀ ಹುಲ್ಲನ್ನು ಗುಂಡಿಗೆ ತುಂಬಬೇಡಿ. ಅದು ತೇಲಿ ಮೇಲೆ ಕೆನೆಗಟ್ಟುತ್ತದೆ, ಅನಿಲ ಏಳಗೊಡುವುದಿಲ್ಲ. ಹುಲ್ಲಿನಲ್ಲಿ ಇಂಗಾಲ ಹೆಚ್ಚು, ಸಾರಜನಕ ತೀರ ಕಡಿಮೆ. ಅದೊಂದನ್ನೇ ಹಾಕಿದರೆ ಕೊಳೆಸುವ ಸೂಕ್ಷ್ಮಜೀವಿಗಳು ಸೊರಗುತ್ತವೆ. ಸಣ್ಣಗೆ ಕತ್ತರಿಸಿ, ಕೆಲವು ದಿನ ನೆನೆಹಾಕಿ, ಸಗಣಿ ಬಗ್ಗಡದೊಡನೆ ಸ್ವಲ್ಪಸ್ವಲ್ಪವಾಗಿ ಬೆರೆಸಿ. ಗುಂಡಿಗೆ ಗಾಳಿಯಾಡಬಾರದು. ಅನಿಲ ಕೊಟ್ಟ ಮೇಲೂ ಸಾರಜನಕವೆಲ್ಲ ಹೊರಬರುವ ಬಗ್ಗಡದಲ್ಲೇ ಉಳಿದಿರುತ್ತದೆ. ಸುಟ್ಟ ಹುಲ್ಲಿನ ಬೂದಿಯಲ್ಲಿ ಅದು ಇರುವುದಿಲ್ಲ.