ಮಕ್ಕಳ ಮೇಷ್ಟ್ರು ಪಂಜೆ ಮಂಗೇಶರಾಯರು

ಒಂದು ಪಾಠ ಮುಗಿದು ಇನ್ನೊಂದು ತೊಡಗುವ ನಡುವಿನ ಐದು ನಿಮಿಷ ಪುಟ್ಟ ಮಕ್ಕಳ ತರಗತಿಯಲ್ಲಿ ಉಪಾಧ್ಯಾಯರಿಗೆ ಕಷ್ಟಕಾಲ. ಹಿಂದೆ ಆ ಗದ್ದಲಕ್ಕೆ ಬೆತ್ತವೇ ಮದ್ದಾಗಿತ್ತು. ಆ ಬೆತ್ತದ ಕಾಲದಲ್ಲೇ ಮಕ್ಕಳ ಕೈಗೆ ಆಟದ ಹಾಡನ್ನಿತ್ತ ಮಹನೀಯರು ಪಂಜೆ ಮಂಗೇಶರಾಯರು.

ಪಂಜೆಯವರು ಹುಟ್ಟಿದ್ದು ಬಂಟ್ವಾಳದಲ್ಲಿ, 1874ರ ಫೆಬ್ರವರಿ 22ರಂದು. ಗೋವೆಯಿಂದ ತೆಂಕಣಕ್ಕೆ ಬಂದು ನೆಲೆಸಿದ ಸಾರಸ್ವತ ಸಮಾಜದವರು, ಮನೆಮಾತು ಕೊಂಕಣಿ. ಆದರೆ ಬರೆದದ್ದು, ಕಲಿಸಿದ್ದು ಕನ್ನಡದಲ್ಲಿ. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿದ್ದು, ಮುಂದೆ ದಕ್ಷಿಣ ಕನ್ನಡದಲ್ಲಿ ಶಾಲಾ ಇನ್ಸ್‌ಪೆಕ್ಟರರಾದರು. ನಮ್ಮ ಕಾಸರಗೋಡೂ ಆಗ ಆ ಜಿಲ್ಲೆಗೇ ಸೇರಿತ್ತು. ಕವಿಶಿಷ್ಯ ಎಂಬ ಹೆಸರಿನಲ್ಲಿಯೂ ಅವರು ಬರೆದರು.

ಅವರ ನಾಗರಹಾವಿನ ಹಾಡನ್ನು ತಿಳಿಯದ ಕನ್ನಡ ಮನೆ ವಿರಳ. ಅದರ ಏರ್ಪಾಡನ್ನು ಗಮನಿಸಿ. ಮಗು ಮೊದಲು ಕೈಮುಗಿದು ಹಾವನ್ನು ಕರೆಯುತ್ತದೆ, ಹೆಡೆ ತೂಗಿಸುತ್ತದೆ, ಕೊನೆಗೆ ನಮಸ್ಕರಿಸಿ ಹೊರಗೆ ಕಳುಹಿಸುತ್ತದೆ. ಆಟಕ್ಕೆ ಆರಂಭವೂ ಉಂಟು, ಮುಕ್ತಾಯವೂ ಉಂಟು. ನಿಲ್ಲಿಸು ಎಂದು ಯಾರೂ ಗದರಿಸಬೇಕಾಗಿಲ್ಲ.

ಟಿ.ಸಿ.ಎಚ್. ತರಬೇತಿಯ ದಿನಗಳಲ್ಲಿ ಒಂದನೇ ತರಗತಿಗೆ ಹೋದ ನಾನು ಮೊದಲ ದಿನ ಕಿರಿಚಿ ಗಂಟಲು ಕೆಡಿಸಿಕೊಂಡೆ. ಮರುದಿನ ಎಲ್ಲರೂ ಸೇರಿ ಒಂದೇ ಉದ್ದದ ಹಾವಾಗೋಣ ಎಂದೆ. ಹಾವಿಗೆ ಕಾಲಿಲ್ಲ, ಆದ್ದರಿಂದ ಹೆಜ್ಜೆ ಸಪ್ಪಳವಿಲ್ಲ! ಸಾಲು ಮೆಲ್ಲನೆ ಅಂಗಳದಿಂದ ಹರಿದುಬಂದು ಬಿಲ ಸೇರಿತು, ಅಂದರೆ ಮಣೆಗಳ ಮೇಲೆ ಕುಳಿತಿತು. ಹೆಡೆ ಮಡಚಿದ ಮೇಲೆ ಲೆಕ್ಕದ ಪಾಠ. ಸುಮ್ಮನಿರು ಎಂದರೆ ಮಗುವಿಗೆ ಶಿಕ್ಷೆ. ಹಾವಾಗು ಎಂದರೆ ಅದೇ ಮೌನ ಅದಕ್ಕೊಂದು ಕೆಲಸ.

ಪಂಜೆಯವರು ಬಳಿಕ ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾದರು. ಕೊಡಗಿಗೆ ಹುತ್ತರಿಯ ಹಾಡನ್ನು ಕೊಟ್ಟರು. 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1937ರಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡರು.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಶಾಲೆಯಲ್ಲಿ ಕನ್ನಡ ಉಳಿಯಬೇಕೆಂದು ನಾವು ಮನವಿ ಬರೆಯುತ್ತೇವೆ, ಬರೆಯಲೇಬೇಕು. ಆದರೆ ಮಗು ಯಾವ ಮಾತಿನಲ್ಲಿ ಹಾವಾಗಿ, ಹಕ್ಕಿಯಾಗಿ ಆಡುತ್ತದೋ ಆ ಮಾತು ಅದರೊಳಗೆ ಬೇರುಬಿಡುತ್ತದೆ. ಮನೆಮಾತು ಕನ್ನಡವಲ್ಲದ ಪಂಜೆಯವರು ಅಂತಹ ಆಟವನ್ನು ನಮ್ಮ ಮಕ್ಕಳಿಗೆ ಬಿಟ್ಟುಹೋಗಿದ್ದಾರೆ. ಆಟದಿಂದ ಊಟಕ್ಕೆ, ಊಟದಿಂದ ನಿದ್ದೆಗೆ ಮಗುವನ್ನು ಕರೆಯುವಾಗ ತಾಯಂದಿರು ಈ ಸಂಜೆಯೇ ಅದನ್ನು ಆಡಿ ನೋಡಲಿ.